ಸಂಪಿಗೆ ಆರ್ಕೇಡಿನ ಅರಳಿ

ನೀಲಾಂಬಿಕಾ ತೀರಿಕೊಂಡರು. ಯುಗಾದಿಯ ಹಿಂದಿನ ದಿನ, ಬೆಳಗಿನ ಜಾವ, ಗುಂಡುತೋಪು ಬಡಾವಣೆಯ ತಮ್ಮ ಮನೆಯಲ್ಲಿ. ಅರವತ್ತೆಂಟು ವರ್ಷ. ಮೂತ್ರಪಿಂಡಗಳು ಕೆಟ್ಟು ಬಹಳ ಕಾಲದಿಂದ ಡಯಾಲಿಸಿಸ್ ನಡೆದಿತ್ತು. ಮಗಳು ಮೇಘಾ ಪಕ್ಕದಲ್ಲಿದ್ದಳು.

ಮುಂದಿನ ಭಾನುವಾರ ನಮ್ಮ ಹೂದೋಟ ಬಳಗ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ ಸಂತಾಪ ಸಭೆ ನಡೆಸಿತು. ಫೋಟೋಗೆ ಮೊದಲ ಹಾರ ಹಾಕಿದವನು ಬಳಗದ ಅಧ್ಯಕ್ಷ ದೇವರಾಜ್. ಮೈಕು ಹಿಡಿದು ಹೇಳಿದ: "ನೀಲಾಂಬಿಕಾ ಮೇಡಂ ಮನಸ್ಸು ಹೂವಿನಂಥದ್ದು. ನನಗೂ ಅವರಿಗೂ ನಡುವೆ ಒಂದು ಸಣ್ಣ ಬೇಜಾರಿತ್ತು, ನಿಮಗೆಲ್ಲ ಗೊತ್ತಿರೋದೇ. ಆದರೆ ಅವರು ಎಲ್ಲ ಮರೆತು, ಕ್ಷಮಿಸಿ, ನಮ್ಮ ಬಿಲ್ಡಿಂಗಿಗೇ ಯೋಗ ಕ್ಲಾಸಿಗೆ ಬರ್ತಿದ್ರು. ಅಂಥ ದೊಡ್ಡ ಗುಣ."

ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂಬುದೂ ನೆನಪಾಗಲಿಲ್ಲ ಅವರಿಗೆ.

ನೀಲಾಂಬಿಕಾ ಕ್ಷಮಿಸಿರಲಿಲ್ಲ. ಏನನ್ನೂ ಮರೆತಿರಲಿಲ್ಲ. ಸತ್ತವರ ಬಾಯಿಗೆ ಸಕ್ಕರೆ ಹಾಕಿ ತನ್ನ ಲೆಕ್ಕ ಚುಕ್ತಾ ಆಯಿತು ಎಂದು ಆ ಮನುಷ್ಯ ತಿಳಿದುಕೊಳ್ಳಬಾರದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬಳಗದ ನೆನಪಿನ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಪುಟ ಬೇಕು ಎಂದು ಕೇಳಿದ್ದಾರೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ಅವರ ಊರು ರಾಣೆಬೆನ್ನೂರು. ಮದುವೆಯಾಗಿ ಗಂಡ ಈರೇಶ್ ಜೊತೆ ಪೀಣ್ಯಕ್ಕೆ ಬಂದರು. ಗಂಡ ಹೆಂಡತಿ ಇಬ್ಬರೂ ಅಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿದ್ದ ಒಂದೇ ಸ್ವಿಚ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಈರೇಶ್ ಲೇತ್ ಮೇಲೆ, ಇವರು ತಪಾಸಣೆಯ ಮೇಜಿನಲ್ಲಿ. ಕೈಯಲ್ಲಿ ಒಂದು ಉಕ್ಕಿನ ಗೇಜು. ಅದರ ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ತಪ್ಪಿದರೆ ಆ ಬಿಡಿಭಾಗ ಮೇಜಿನ ಕೆಳಗಿನ ಕೆಂಪು ಡಬ್ಬಿಗೆ. ಗಂಡ ಲೇತಿನಲ್ಲಿ ಕಡೆದ ಸಾಮಾನನ್ನೂ ಎಷ್ಟೋ ಸಲ ಆ ಡಬ್ಬಿಗೆ ಹಾಕಿ, ಅದೇ ಗಂಡನ ಜೊತೆ ಅದೇ ಸ್ಕೂಟರಿನಲ್ಲಿ ಮನೆಗೆ ಬಂದಿದ್ದಾರೆ. "ದಾರೀಲಿ ಒಂದು ಮಾತಾಡ್ತಿರಲಿಲ್ಲ ನೋಡ್ರಿ ಅವರು," ಎಂದು ಹೇಳಿ ನಗುತ್ತಿದ್ದರು.

ಮನುಷ್ಯರಿಗೂ ಅವರ ಹತ್ತಿರ ಒಂದು ಕೆಂಪು ಡಬ್ಬಿ ಇತ್ತು. ಅದಕ್ಕೆ ಬಿದ್ದವರನ್ನು ವಾಪಸ್ ತೆಗೆದದ್ದನ್ನು ನಾನು ನೋಡಿಲ್ಲ.

ಗುಂಡುತೋಪು ಬಡಾವಣೆ ಚಿಕ್ಕಬಾಣಾವರ ಮತ್ತು ನಾಗಸಂದ್ರದ ನಡುವೆ ರಾಗಿ ಹೊಲಗಳ ಮೇಲೆ ಎದ್ದದ್ದು. ಹೊಲಗಳು ಚಿಕ್ಕಬೈರಪ್ಪನವರದ್ದು. ಸೈಟು ಮಾಡಿ ಮಾರಿದವನು ಅವರ ಮಗ, ಇದೇ ದೇವರಾಜ್. ನಕ್ಷೆಯಲ್ಲಿ ಒಂದು ಮೂಲೆಗೆ ಪಾರ್ಕು ಎಂದು ಹಸಿರು ಬಳಿದಿದ್ದರು. ನಾವು ಮನೆ ಕಟ್ಟಿಸಿಕೊಂಡು ಬಂದಾಗ ಆ ಹಸಿರು ಜಾಗ ಕಪ್ಪಗಿತ್ತು. ಸುತ್ತಲಿನ ಸಣ್ಣ ವರ್ಕ್‌ಶಾಪುಗಳವರು ಲೇತಿನಿಂದ ಬಂದ ಕಬ್ಬಿಣದ ಸುರುಳಿ ಚೂರು, ಎಣ್ಣೆ ಬಟ್ಟೆ, ಒಡೆದ ಪಿಂಗಾಣಿ ಎಲ್ಲ ತಂದು ಅಲ್ಲಿ ಸುರಿಯುತ್ತಿದ್ದರು. ಮೇಯಲು ಹೋದ ಹಸು ಕುಂಟಿಕೊಂಡು ಬರುತ್ತಿತ್ತು.

ನಾನು ಜಾಲಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅವರ ಪಕ್ಕದ ಮನೆ ನಮ್ಮದು. ಒಂದು ಭಾನುವಾರ ನೀಲಾಂಬಿಕಾ ಗೇಟಿನ ಹತ್ತಿರ ಬಂದು, "ವನಜಕ್ಕಾ, ಅಯಸ್ಕಾಂತ ತಂದೀನಿ, ಬರ್ರಿ," ಎಂದರು. ಕಾರ್ಖಾನೆಯಿಂದ ಎರವಲು ತಂದ, ಇಟ್ಟಿಗೆ ಗಾತ್ರದ ಅಯಸ್ಕಾಂತಗಳು. ಹಗ್ಗ ಕಟ್ಟಿ, ನೆಲ ಅಗೆದು, ಅಗೆದ ಮಣ್ಣಿನ ಮೇಲೆ ಅವನ್ನು ಎಳೆದಾಡಿದೆವು. ಕಬ್ಬಿಣದ ಚೂರುಗಳು ಮುಳ್ಳುಹಂದಿಯ ಹಾಗೆ ಮೈತುಂಬ ಅಂಟಿಕೊಂಡು ಬರುತ್ತಿದ್ದವು. ನಮ್ಮ ಹೂದೋಟ ಬಳಗ ಶುರುವಾದದ್ದು ಹೀಗೆ. ಉದ್ಘಾಟನೆ, ರಿಬ್ಬನ್ನು ಯಾವುದೂ ಇರಲಿಲ್ಲ. ನಾಲ್ಕು ಮನೆಯ ಹೆಂಗಸರು ಒಂದು ವರ್ಷ ಭಾನುವಾರಗಳಲ್ಲಿ ಮಣ್ಣಿನಿಂದ ಕಬ್ಬಿಣ ಹೆಕ್ಕಿದೆವು. ಆಮೇಲೇ ಮೊದಲ ಸಸಿ.

ದೇವರಾಜನ ತಾಯಿ ಪಿಳ್ಳಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದವರು ಒಂದು ದಿನ ಒಳಗೆ ಬಂದು ಕೂತೇಬಿಟ್ಟರು. "ಇದು ನಮ್ ಕಣ ಇದ್ದ ಜಾಗ ಕಣಮ್ಮ. ಇಲ್ಲೇ ರಾಗಿ ತುಳಿಸ್ತಿದ್ವಿ. ಇಂಗೆ ಹಾಳು ಮಾಡಿದ್ರಲ್ಲ ಅಂತ ನನ್ ಒಟ್ಟೆ ಉರೀತಿತ್ತು. ನೀವಾದ್ರೂ ಬಂದ್ರಿ," ಎಂದು ಹೇಳಿ ಸೆರಗು ಕಟ್ಟಿದರು. ಆಮೇಲೆ ಅವರಿಲ್ಲದ ಭಾನುವಾರ ಇರಲಿಲ್ಲ.

ಬಳಗದಲ್ಲಿ ಒಂದು ಪದ್ಧತಿ ಇತ್ತು. ಅದನ್ನು ತಂದವರೂ ಪಿಳ್ಳಮ್ಮನೇ. ಕೇಳಿ ಪಡೆದ ಗಿಡ ಹತ್ತುವುದಿಲ್ಲ, ಕದ್ದ ಗಿಡ ಬೇಡವೆಂದರೂ ಹತ್ತುತ್ತದೆ. ಹಾಗಾಗಿ ಯಾರೂ ಯಾರಿಗೂ ಗಿಡ ಕೊಡುವಂತಿಲ್ಲ. ದಾಸವಾಳದ ಕಡ್ಡಿ ಬೇಕಾದವರು ಆ ಮನೆಗೆ ಹೋಗಿ ಅದೂ ಇದೂ ಮಾತಾಡಬೇಕು. ಮನೆಯವರು ಕತ್ತರಿಯನ್ನು ಕಾಂಪೌಂಡಿನ ಮೇಲೆ ಬಿಟ್ಟು "ಕಾಫಿ ಇಡ್ತೀನಿ" ಎಂದು ಒಳಗೆ ಹೋಗಬೇಕು. ಹೊರಗೆ ಬರುವಷ್ಟರಲ್ಲಿ ಕಡ್ಡಿ ಬುಟ್ಟಿಯಲ್ಲಿರಬೇಕು. ಇಬ್ಬರೂ ಅದರ ಬಗ್ಗೆ ಮಾತೆತ್ತಬಾರದು. ಹೊಸದಾಗಿ ಬಂದ ಅಪಾರ್ಟ್‌ಮೆಂಟಿನ ಹೆಣ್ಣುಮಕ್ಕಳು ಗೊತ್ತಾಗದೆ "ಥ್ಯಾಂಕ್ಸ್ ಆಂಟಿ" ಅಂದುಬಿಟ್ಟರೆ ಪಿಳ್ಳಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. "ಓಯ್ತು. ಸತ್ತೋಯ್ತು ಆ ಗಿಡ."

ಗಣೇಶನ ಹಬ್ಬಕ್ಕೆ ಮನೆಮನೆಗೆ ಗರಿಕೆಯ ಕಟ್ಟು ಹಂಚುತ್ತಿದ್ದೆವು. ಸರ್ಕಾರಿ ಶಾಲೆಯ ಅಂಗಳದಲ್ಲಿ ನುಗ್ಗೆ, ಕರಿಬೇವು ಹಾಕಿ ಬಿಸಿಯೂಟಕ್ಕೆ ಒದಗಿಸಿದೆವು. ವರ್ಷಕ್ಕೊಮ್ಮೆ ಛತ್ರದಲ್ಲಿ ನಮ್ಮದೇ ಫಲಪುಷ್ಪ ಪ್ರದರ್ಶನ. ಅದರ ತೀರ್ಪುಗಾರರು ನೀಲಾಂಬಿಕಾ. ಎಲೆ ತಿರುಗಿಸಿ ಹಿಂಬದಿಯ ಹುಳು ನೋಡದೆ ಬಹುಮಾನ ಕೊಡುತ್ತಿರಲಿಲ್ಲ. ಒಂದು ವರ್ಷ ದೇವರಾಜನ ಮನೆಯ ಡೇರೆ ಹೂವಿನ ಕುಂಡ ನರ್ಸರಿಯಿಂದ ಹಿಂದಿನ ದಿನ ತಂದದ್ದೆಂದು ಬೇರು ಕಿತ್ತು ತೋರಿಸಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಅವನಿಗೂ ಒಂದು ಡಬ್ಬಿ ಇತ್ತೆಂದು ಆಗ ನಮಗೆ ತಿಳಿಯಲಿಲ್ಲ.

ಈಗ ಸಂಪಿಗೆಯ ವಿಷಯ.

ಕಬ್ಬಿಣ ಹೆಕ್ಕಿ ಮುಗಿದ ವರ್ಷ ಈರೇಶ್ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಒಂದು ಕೆಂಡಸಂಪಿಗೆ ಸಸಿ ತಂದರು. ಪಾರ್ಕಿನ ರಸ್ತೆ ಬದಿಯಲ್ಲಿ ಅವರೇ ಗುಂಡಿ ತೋಡಿ ನೆಟ್ಟರು. ಮರುವರ್ಷ ಕಾರ್ಖಾನೆಯಲ್ಲೇ ಎದೆನೋವು ಬಂದು ತೀರಿಹೋದರು. ಬೀಜದ ಸಂಪಿಗೆ ಹೂ ಬಿಡಲು ಎಷ್ಟು ಕಾಯಿಸುತ್ತದೆ ಎಂದು ಬೆಳೆದವರಿಗೆ ಗೊತ್ತು. ನೀಲಾಂಬಿಕಾ ಕಾದರು. ಡ್ಯೂಟಿಗೆ ಹೋಗುವ ಮುಂಚೆ ನೀರು, ಬಂದ ಮೇಲೆ ಒಮ್ಮೆ ಕಾಂಡ ಸವರುವುದು. ನಿವೃತ್ತಿಯಾದ ವರ್ಷ ಮೊದಲ ಹೂ ಬಿಟ್ಟಿತು. ಅದನ್ನು ಅವರು ತಲೆಗೆ ಮುಡಿಯಲಿಲ್ಲ, ಗಂಡನ ಫೋಟೋಗೂ ಇಡಲಿಲ್ಲ. ಪಿಳ್ಳಮ್ಮನ ಕೈಗೆ ಕೊಟ್ಟರು. "ನಿಮ್ಮ ಕಣದ ಬೆಳಿ ಇದು," ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಎಲೆಯಲ್ಲಿ ಹೂ ಸುತ್ತಿ ಪಿಳ್ಳಮ್ಮನ ದೇವರಿಗೆ ಹೋಗುತ್ತಿತ್ತು.

ದೇವರಾಜ್ ಬಳಗದ ಅಧ್ಯಕ್ಷನಾದದ್ದು ನಮ್ಮ ದಡ್ಡತನದಿಂದ. ಬೋರ್‌ವೆಲ್ ಬತ್ತಿತ್ತು, ಟ್ಯಾಂಕರುಗಳು ಅವನವು. ಅಧ್ಯಕ್ಷ ಮಾಡಿದರೆ ಪಾರ್ಕಿಗೆ ನೀರು ಬಿಡುತ್ತಾನೆ ಎಂದು ಎಲ್ಲರೂ ಸೇರಿ ಮಾಡಿದೆವು. ನೀರು ಬಂತು. ಪಾರ್ಕಿಗೆ ಅಂಟಿಕೊಂಡ ಸೈಟು ಅವನದೇ ಎನ್ನುವುದನ್ನು ಯಾರೂ ಯೋಚಿಸಲಿಲ್ಲ. ಅಲ್ಲಿ ಅಂಗಡಿ ಸಾಲು ಎದ್ದರೆ ಅದರ ಮುಖಕ್ಕೆ ಸರಿಯಾಗಿ ಅಡ್ಡ ನಿಲ್ಲುವುದು ಸಂಪಿಗೆ ಮರ.

ಒಂದು ಜನವರಿ, ಲಾಲ್‌ಬಾಗಿನ ಪ್ರದರ್ಶನಕ್ಕೆ ಬಳಗದವರನ್ನೆಲ್ಲ ತನ್ನ ಖರ್ಚಿನಲ್ಲಿ ಬಸ್ಸು ಮಾಡಿ ಕಳಿಸಿದ. ತಾನು ಬರಲಿಲ್ಲ. "ನೀವು ಎಂಜಾಯ್ ಮಾಡಿ ಮೇಡಂ, ನಂಗೆ ಒಂಚೂರು ಕೆಲಸ ಇದೆ." ಪೊಟ್ಟಣದಲ್ಲಿ ಬಿಸಿಬೇಳೆ ಬಾತ್, ಜೊತೆಗೆ ಒಂದೊಂದು ಮೈಸೂರು ಪಾಕು. ಸಂಜೆ ವಾಪಸ್ ಬಂದಾಗ ಬಸ್ಸಿನಿಂದ ಮೊದಲು ಇಳಿದವರು ನೀಲಾಂಬಿಕಾ. ಮರ ಇರಲಿಲ್ಲ. ಮೊಣಕಾಲೆತ್ತರದ ಬುಡ, ಸುತ್ತ ಗರಗಸದ ಹಳದಿ ಹುಡಿ. ದೇವರಾಜ್ ಅಲ್ಲೇ ಮೊಬೈಲು ನೋಡುತ್ತಾ ನಿಂತಿದ್ದ.

"ಮರ ಎಲ್ಲಿ?"

"ಗಾಳಿಗೆ ವಾಲಿತ್ತು ಮೇಡಂ. ಮಕ್ಕಳು ಆಡೋ ಜಾಗ. ಯಾರ ಮೇಲಾದ್ರೂ ಬಿದ್ರೆ ನಾಳೆ ನನ್ನೇ ಕೇಳ್ತೀರ."

"ಇವತ್ತು ಗಾಳಿ ಎಲ್ಲಿತ್ತು?"

"ನಿನ್ನೆ ಇತ್ತಲ್ಲ ಮೇಡಂ."

"ನಿನ್ನೆ ಅದಕ್ಕ ನೀರು ಹಾಕಿದಾಕಿ ನಾನು. ನೆಟ್ಟಗ ನಿಂತಿತ್ತು."

"ಬಿಡಿ ಮೇಡಂ. ಒಂದು ಹೋದ್ರೆ ಹತ್ತು ತರಿಸಿ ಕೊಡ್ತೀನಿ. ಥಾಯ್ಲೆಂಡ್ ವೆರೈಟಿ ಬಂದಿದೆ, ಆರೇ ತಿಂಗಳಿಗೆ ಹೂವು."

ನೀಲಾಂಬಿಕಾ ಕೂತು ಬುಡದ ಮೇಲೆ ಅಂಗೈ ಇಟ್ಟರು. ಅದಿನ್ನೂ ಒದ್ದೆಯಿತ್ತು. ಎದ್ದು ಕೈಯನ್ನು ಸೀರೆಗೆ ಒರೆಸಲಿಲ್ಲ. ಮನೆಗೆ ಹೋಗುವವರೆಗೆ ಹಾಗೇ ಚಾಚಿಕೊಂಡು ನಡೆದರು.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಒಂದು ಕಚೇರಿಯಿಂದ ಇನ್ನೊಂದಕ್ಕೆ ದೂರು ತೆಗೆದುಕೊಂಡು ಅಲೆದರು. ಬಂದು ನೋಡುತ್ತೇವೆ ಎಂದವರು ಬಂದು ದೇವರಾಜನ ಮನೆಯಲ್ಲಿ ಎಳನೀರು ಕುಡಿದು ಹೋದರು. ಬಳಗದ ಸಭೆಯಲ್ಲಿ ಅವನನ್ನು ಇಳಿಸಬೇಕೆಂದು ನೀಲಾಂಬಿಕಾ ಎದ್ದು ಹೇಳಿದಾಗ ಬಿಸಿಬೇಳೆ ಬಾತ್ ತಿಂದವರೆಲ್ಲ ನೆಲ ನೋಡಿದರು. "ಒಂದು ಮರಕ್ಕೆ ಇಷ್ಟೊಂದಾ ಮೇಡಂ?" ಎಂದು ಯಾರೋ ಅಂದರು. ನಾನು ಅವರ ಪರವಾಗಿ ಮಾತಾಡಿದೆ, ಪಿಳ್ಳಮ್ಮ ಮಗನಿಗೆ ತುಂಬಿದ ಸಭೆಯಲ್ಲಿ "ನಿನ್ ಕೈ ಸೇದೋಗ" ಎಂದು ಶಾಪ ಹಾಕಿದರು. ಅವನು ನಕ್ಕು, "ಅವ್ವಂಗೆ ವಯಸ್ಸಾಯ್ತು," ಎಂದ. ಕೊನೆಗೆ ಕಾರ್ಯದರ್ಶಿ ಸ್ಥಾನದಿಂದ ನೀಲಾಂಬಿಕಾರನ್ನೇ ತೆಗೆದು ಗೌರವ ಸಲಹೆಗಾರರು ಎಂದು ಮಾಡಿ ಶಾಲು ಹೊದಿಸಿದರು. ಆ ಶಾಲನ್ನು ಅವರು ಗೊಬ್ಬರದ ಗುಂಡಿ ಮುಚ್ಚಲು ಬಳಸಿದರು.

"ಆಯ್ತು ವನಜಕ್ಕಾ," ಎಂದರು ಅಂದು ಸಂಜೆ. "ಕೆಂಪು ಡಬ್ಬಿ."

ಬುಡವೂ ಹೋಯಿತು. ಅದರ ಪಕ್ಕ ನಾಲ್ಕು ಅಂತಸ್ತು ಎದ್ದಿತು. ಕೆಳಗೆ ಬೇಕರಿ, ಮೊಬೈಲ್ ಅಂಗಡಿ. ಮೇಲೆ ಟ್ಯೂಷನ್, ಅದರ ಮೇಲೆ ಯೋಗ ಕ್ಲಾಸು. ಮುಂದೆಲ್ಲ ನೀಲಿ ಗಾಜು. ಹೆಸರಿನ ಹಲಗೆ ಏರಿದ ದಿನ ನಾವಿಬ್ಬರೂ ನಮ್ಮ ತಾರಸಿಯ ಮೇಲಿದ್ದೆವು. ಸಂಪಿಗೆ ಆರ್ಕೇಡ್. ರಾತ್ರಿ ಉರಿಯಲು ಅಕ್ಷರಗಳೊಳಗೆ ಹಳದಿ ದೀಪ. ದೇವರಾಜ್ ಅದನ್ನು ಕೊಂಕಿನಿಂದ ಇಟ್ಟದ್ದಲ್ಲ. ಮರಕ್ಕೆ ಗೌರವ ತೋರಿಸಿದೆ ಎಂದೇ ಅವನು ನಂಬಿದ್ದ.

ಕಟ್ಟಡಕ್ಕೆ ಒಂದು ಮಳೆಗಾಲ ಕಳೆದ ಮೇಲೆ ನೀಲಾಂಬಿಕಾ ಆ ಯೋಗ ಕ್ಲಾಸಿಗೆ ಸೇರಿದರು.

ಬಡಾವಣೆಯೆಲ್ಲ ಅದೇ ಮಾತು. ಮೇಡಂ ಸಮಾಧಾನ ಆದರು, ಎಷ್ಟು ದಿನ ಅಂತ ಹಟ. ನಾನು ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಎಂಟನೇ ದಿನ ಅವರೇ ಬಂದು, "ವನಜಕ್ಕಾ, ನಾಳೆ ಶನಿವಾರ. ಹಳೇ ಊರಿನ ಕೆರೆ ಏರಿಗೆ ಹೋಗೋಣ ಬರ್ರಿ, ಒಂದು ಡಬ್ಬಿ ತೊಗೊಳ್ರಿ," ಎಂದರು.

ಕೆರೆ ಏರಿಯ ಮೇಲೆ ಅಶ್ವತ್ಥಕಟ್ಟೆ ಇದೆ. ಅರಳಿಗೂ ಬೇವಿಗೂ ಮದುವೆ ಮಾಡಿಸಿ, ನಾಗರಕಲ್ಲು ನಿಲ್ಲಿಸಿ ಕಟ್ಟೆ ಕಟ್ಟಿಸಿದವರು ಚಿಕ್ಕಬೈರಪ್ಪನವರ ತಾತ. ದೇವರಾಜನ ಮನೆಯವರು ಮಗು ಹುಟ್ಟಿದರೂ ಕಾರು ಕೊಂಡರೂ ಮೊದಲು ಬರುವುದು ಅಲ್ಲಿಗೆ. ಪಿಳ್ಳಮ್ಮ ಶನಿವಾರ ತಪ್ಪದೆ ಒದ್ದೆ ಸೀರೆಯಲ್ಲಿ ಅದನ್ನು ಸುತ್ತುತ್ತಾರೆ. ನಾವು ಹೋದಾಗ ಅವರು ಸುತ್ತು ಮುಗಿಸಿ ಹೊರಟಿದ್ದರು. ನೀಲಾಂಬಿಕಾ ಕಟ್ಟೆಯ ಮೇಲೆ ಕೂತು, ಹಳೆಯ ಟೂತ್‌ಬ್ರಷ್ಷಿನಿಂದ ಕಲ್ಲಿನ ಮೇಲಿನ ಮೈನಾ ಹಿಕ್ಕೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದರು. ಹಿಕ್ಕೆಯೊಳಗೆ ಸಾಸಿವೆಗಿಂತ ಸಣ್ಣ ಬೀಜ.

"ಏನ್ರೀ ಇದು?"

"ಕಳ್ಳತನ," ಎಂದರು. "ಕದ್ದಿದ್ದು ಚಲೋ ಹತ್ತತೈತಿ. ಹಣ್ಣಿನ ಬೀಜ ಹಂಗ ಹಾಕಿದ್ರ ಮೊಳಿಯಂಗಿಲ್ಲ. ಹಕ್ಕಿ ಹೊಟ್ಟಿಯಿಂದ ಬಂದಿದ್ದು ಬೇಕು."

"ನೀವು ಅರಳಿ ಮರ ನಂಬೋರೂ ಅಲ್ಲವಲ್ಲ."

"ನಾವು ಲಿಂಗ ಕಟ್ಟಿಕೊಂಡೋರು. ಗಿಡ ಸುತ್ತೋರಲ್ಲ. ಆದ್ರ ಅವ್ರು ಸುತ್ತತಾರಲ್ಲ, ಅಷ್ಟು ಸಾಕು."

ಆಗ ನನಗೆ ಅರ್ಥವಾಯಿತು. ಕಟ್ಟೆಯ ಮೇಲೆ ಕೂತು ಇಬ್ಬರೂ ಬಹಳ ಹೊತ್ತು ನಕ್ಕೆವು. ಈರೇಶ್ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಯೋಗ ಹಾಲಿಗೆ ಒಂದು ಬಾಲ್ಕನಿ. ಅದರ ಮೂಲೆಯಲ್ಲಿ ಮಳೆನೀರಿನ ಪೈಪು ಗೋಡೆಗೆ ಸೇರುವ ಕಡೆ ಗಾರೆ ಬಿಟ್ಟುಕೊಂಡಿತ್ತು. ಶವಾಸನದ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಇವರು ಎದ್ದು ಹೋಗುತ್ತಿದ್ದರು. ಬಿರುಕಿನೊಳಗೆ ಕಿರುಬೆರಳು ಹೋಗುತ್ತದೆ, ಹೆಬ್ಬೆರಳು ಹೋಗುವುದಿಲ್ಲ. "ಪಾಸ್" ಎಂದರಂತೆ ತಮಗೆ ತಾವೇ. ಸಗಣಿಯಲ್ಲಿ ಕಲಸಿದ ಬೀಜವನ್ನು ಹೆಣಿಗೆ ಕಡ್ಡಿಯಿಂದ ಒಳಗೆ ತಳ್ಳಿದರು. ಮೊದಲ ವರ್ಷದ್ದು ಬಿಸಿಲಿಗೆ ಸುಟ್ಟುಹೋಯಿತು. ಮರುವರ್ಷ ಇನ್ನೂ ಒಳಗೆ ತಳ್ಳಿದರು. ಆ ಮಳೆಗಾಲ ಎರಡೆಲೆ ಬಂತು, ಆಮೇಲೆ ನಾಲ್ಕು. ತುದಿಯಲ್ಲಿ ಬಾಲವಿರುವ ಆ ಎಲೆಯನ್ನು ಯಾರೂ ಬೇರೆ ಗಿಡವೆಂದು ತಪ್ಪು ತಿಳಿಯುವಂತಿಲ್ಲ.

ದೇವರಾಜ್ ಅದನ್ನು ಕಾಣುವಷ್ಟರಲ್ಲಿ ಗಿಡ ಮೊಣಕೈ ಉದ್ದ ಆಗಿತ್ತು. ಕೆಳಗೆ ರಸ್ತೆಯಲ್ಲಿ ನಿಂತು ವಾಚ್‌ಮನ್ ಹನುಮಂತಯ್ಯನಿಗೆ ಕೂಗಿದ: "ಕಿತ್ತು ಬಿಸಾಕೋ ಅದನ್ನ!"

ಹನುಮಂತಯ್ಯ ಮೇಲೆ ಹೋದವನು ಹಾಗೇ ಇಳಿದು ಬಂದ. "ಅಳ್ಳಿ ಗಿಡ ಸಾ. ನಾನು ಮಕ್ಕಳೊಂದಿಗ. ಬೇರೆಯವ್ರನ್ನ ನೋಡ್ಕಳಿ."

ಬೇರೆಯವರು ಯಾರೂ ಸಿಗಲಿಲ್ಲ. ಗಾರೆಯವನೊಬ್ಬ ಬಂದು ಕೈಮುಗಿದು ಹೋದ. ಹೊರಗಿನಿಂದ ಬಂದ ಹುಡುಗರು ಒಪ್ಪಿದ್ದರು. ಆದರೆ ಅಷ್ಟರಲ್ಲಿ ಸುದ್ದಿ ಪಿಳ್ಳಮ್ಮನಿಗೆ ಮುಟ್ಟಿತ್ತು. ಎಂಬತ್ತು ದಾಟಿದ ಹೆಂಗಸು, ಲಿಫ್ಟಿಗೆ ಹೆದರುವವರು, ಎರಡು ಅಂತಸ್ತು ಮೆಟ್ಟಿಲಲ್ಲಿ ಕೂತು ಎದ್ದು ಹತ್ತಿ, ಬಾಲ್ಕನಿಗೆ ಬಂದು ಬಿರುಕಿಗೆ ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಅಂದು ಯೋಗ ಕ್ಲಾಸಿನಲ್ಲಿದ್ದವರೆಲ್ಲ ನೋಡಿದ್ದಾರೆ.

"ಅವ್ವ, ಬಿಲ್ಡಿಂಗ್ ಬಿರುಕು ಬಿಡುತ್ತೆ ಕಣವ್ವ," ಎಂದು ದೇವರಾಜ್ ಅಂಗಲಾಚಿದ.

"ಬಿಡ್ಲಿ. ನಿಮ್ಮಪ್ಪ ಬಾವಿ ಕಟ್ಟೇಲಿ ಎದ್ದ ಅಳ್ಳಿ ಕಿತ್ತ ವರ್ಸ ಜೋಡಿ ಎತ್ತು ಒಟ್ಟೊಟ್ಟಿಗೇ ಸತ್ತೋದ್ವು. ನಿಂಗೆ ಎತ್ತಿಲ್ಲ. ಮಕ್ಳವೆ."

ಪುರೋಹಿತರನ್ನು ಕರೆಸಿದ. ಬೇರು ತುಂಡಾಗದ ಹಾಗೆ ತೆಗೆದು ಕೆರೆ ದಂಡೆಯಲ್ಲಿ ನೆಟ್ಟರೆ ದೋಷವಿಲ್ಲ ಎಂದರು ಅವರು. ಬೇರು ಅಷ್ಟು ಹೊತ್ತಿಗೆ ಗೋಡೆಯೊಳಗೆ ಪೈಪು ಹಿಡಿದು ಕೆಳಗಿನ ಮಹಡಿಗೆ ಇಳಿದಿತ್ತು. ತುಂಡಾಗದೆ ತೆಗೆಯಬೇಕಾದರೆ ಮುಂದಿನ ಮೂಲೆಯನ್ನೇ ಒಡೆಯಬೇಕು. ಆ ಸಂಜೆ ನೀಲಾಂಬಿಕಾ ನಮ್ಮ ಮನೆಗೆ ಬಂದು ಹೋಳಿಗೆ ಮಾಡಿಸಿಕೊಂಡು ತಿಂದರು.

ಟ್ಯೂಷನ್ ಹಾಲಿನ ಗೋಡೆ ಬೆವರತೊಡಗಿತು. ಬೇಕರಿಯವರ ಛಾವಣಿಯಿಂದ ಬಿಸ್ಕತ್ತಿನ ಡಬ್ಬಿಗಳ ಮೇಲೆ ನೀರು ತೊಟ್ಟಿಕ್ಕಿತು. ಅವರು ಖಾಲಿ ಮಾಡಿದರು. ಹೆಸರಿನ ಹಲಗೆಯ ಹಿಂದೆ ಬಿರುಕು ಹರಿದು ಮೊದಲಕ್ಷರದ ದೀಪ ಆರಿತು. ನೀಲಾಂಬಿಕಾ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ಆ ಹೊತ್ತಿಗೆ ಅವರ ಕಾಲು ಊದಿಕೊಳ್ಳುತ್ತಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಡಯಾಲಿಸಿಸ್ ಶುರುವಾಯಿತು.

ಒಂದು ದಿನ ನಾವಿಬ್ಬರೂ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುವಾಗ ಪಿಳ್ಳಮ್ಮ ಹಿಂದಿನಿಂದ ಬಂದು ನಿಂತಿದ್ದರು. ನಾನು ಗಾಬರಿಯಾದೆ. ಪಿಳ್ಳಮ್ಮ ಬಿರುಕನ್ನು ನೋಡಿದರು, ನೀಲಾಂಬಿಕಾರ ಮುಖ ನೋಡಿದರು.

"ನೀನೇ ಇಟ್ಟಿದ್ದಾ ತಾಯಿ?"

ನೀಲಾಂಬಿಕಾ ಸುಳ್ಳು ಹೇಳುವವರಲ್ಲ. "ಹೌದ್ರಿ. ನಿಮ್ಮ ಕಟ್ಟೀದು. ಕದ್ದೀನಿ."

ಪಿಳ್ಳಮ್ಮ, "ಕದ್ದಿದ್ದಾ? ಅಂಗಾದ್ರೆ ಬಂದೇ ಬತ್ತದೆ ಬಿಡು," ಎಂದರು. ಮತ್ತೆ ಅಂದರು: "ಯಾರು ತಂದಿಟ್ರೇನು, ಬಂದಿರೋನು ಅಸ್ವತ್ತನಾರಾಯಣ. ನನ್ ಸಂಪಿಗೆ ಊವ ಕಿತ್ಕಂಡೋನಿಗೆ ಅವ್ನೇ ಸರಿ."

ಆದ್ದರಿಂದ ಈ ಬರಹ ಓದಿ ದೇವರಾಜ್ ಗುದ್ದಲಿ ಹುಡುಕಿಕೊಂಡು ಓಡಬೇಕಾಗಿಲ್ಲ. ಅವನ ತಾಯಿಗೆ ಎಲ್ಲ ಗೊತ್ತು. ಯಾರು ಇಟ್ಟರೂ ಅರಳಿ ಅರಳಿಯೇ.

ಅವನು ಒಮ್ಮೆ ಕದ್ದುಮುಚ್ಚಿ ಆಸಿಡ್ ಹಾಕಿದ. ಅದೂ ಗೊತ್ತು. ಕಳೆದ ವರ್ಷದ ದೀಪಾವಳಿ ಮುಗಿದ ಮೇಲೆ, ಯೋಗ ಕ್ಲಾಸು ರಜೆ ಇದ್ದಾಗ. ಎಲೆಗಳು ಕಪ್ಪಾಗಿ ಉದುರಿದವು, ಕಾಂಡ ಸುಟ್ಟು ಇದ್ದಿಲಿನಂತಾಯಿತು. ಪಿಳ್ಳಮ್ಮ ಊಟ ಬಿಟ್ಟು ಆರ್ಕೇಡಿನ ಮೆಟ್ಟಿಲ ಮೇಲೆ ಕೂತರು. ಬಂದ ಗಿರಾಕಿಗಳು ಅವರನ್ನು ದಾಟಲಾರದೆ ವಾಪಸ್ ಹೋದರು. ಮಗ ಕಾಲು ಹಿಡಿದ ಮೇಲೆ ಎದ್ದು ಹೋದರು. ಯೋಗ ಕ್ಲಾಸಿನವರೂ ಜಾಗ ಬಿಟ್ಟರು. ಹಾಲಿಗೆ ಬೀಗ ಬಿತ್ತು.

ನೀಲಾಂಬಿಕಾರನ್ನು ನಾನು ಬೆದರಿದಂತೆ ಕಂಡದ್ದು ಆಗ ಮಾತ್ರ. ತಮ್ಮ ಕಾಯಿಲೆಯ ಬಗ್ಗೆ ಡಾಕ್ಟರು ಹೇಳಿದಾಗಲೂ ಹಾಗಿರಲಿಲ್ಲ. "ಎರಡನೇದ್ದೂ ಕೊಂದ್ನಲ್ರೀ," ಎಂದರು. ನಾನು ಹನುಮಂತಯ್ಯನಿಂದ ಬೀಗದ ಕೈ ಕೇಳಿ ವಾರಕ್ಕೊಮ್ಮೆ ಮೇಲೆ ಹೋಗಿ ಒಂದು ಚೊಂಬು ನೀರು ಹಾಕಿ ಬರುತ್ತಿದ್ದೆ, ಬಂದು ವರದಿ ಒಪ್ಪಿಸುತ್ತಿದ್ದೆ. "ಇನ್ನೂ ಏನಿಲ್ಲ." "ಏನಿಲ್ಲ." ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಅಷ್ಟರಲ್ಲಿ ಈ ಬೇಸಿಗೆ ಬಂತು. ಊರಿಗೇ ನೀರಿರಲಿಲ್ಲ. ನಮ್ಮ ಬೀದಿಗೆ ಟ್ಯಾಂಕರು ಬಂದರೆ ಬಂತು. ಪಾರ್ಕಿನ ಕನಕಾಂಬರ, ಮಲ್ಲಿಗೆ ಎಲ್ಲ ಒಣಗಿ ಕಡ್ಡಿಯಾದವು. ಅಧ್ಯಕ್ಷರ ಹೆಸರಿನ ಕಲ್ಲಿನ ಸುತ್ತಲಿನ ಹುಲ್ಲಿಗೆ ಮಾತ್ರ ಸಂಜೆ ಪೈಪು ಓಡುತ್ತಿತ್ತು.

ಯುಗಾದಿಗೆ ಮುಂಚಿನ ಭಾನುವಾರ ಬೆಳಿಗ್ಗೆ ನಾನು ಮೇಲೆ ಹೋದಾಗ ಸುಟ್ಟ ಕಾಂಡದ ಕೆಳಗೆ, ಗೋಡೆಯ ಬಾಯಿಂದಲೇ, ಒಂದು ಚಿಗುರು ಇಣುಕಿತ್ತು. ತಾಮ್ರದ ಬಣ್ಣ, ಉಗುರಿನಷ್ಟು. ನನ್ನ ಚೊಂಬು ಖಾಲಿ. ಅಂದು ನಮ್ಮ ಮನೆಯಲ್ಲಿ ಹಾಲಿಗೆ ನೀರು ಬೆರೆಸಲೂ ಇರಲಿಲ್ಲ, ಬರೀ ನೋಡಿ ಬರೋಣವೆಂದು ಹೋಗಿದ್ದೆ. ಓಡಿ ಬಂದು ಹೇಳಿದೆ.

ಅವರು ಎದ್ದು ಕೂತರು. "ನಡೀರಿ."

ಮೇಘಾ ಬಾಗಿಲಿಗೆ ಅಡ್ಡ ನಿಂತಳು. "ಅವ್ವ, ನಿಂಗೇನು ಹುಚ್ಚಾ? ನಿನ್ನೆ ಡಯಾಲಿಸಿಸ್ ಆಗಿದೆ. ಬಾತ್‌ರೂಮಿಗೆ ಹೋಗೋಕೇ ಇಬ್ಬರು ಬೇಕು."

"ಇಬ್ಬರು ಅದೀರಲ್ಲ," ಎಂದರು.

ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರು. ಮೇಘಾ ಒಂದು ಸಣ್ಣ ಬಾಟಲಿಗೆ ಗೀಟು ಹಾಕಿ ಬೆಳಿಗ್ಗೆ ತುಂಬಿಸಿ ಕೊಡುತ್ತಿದ್ದಳು. ಬಾಯಾರಿಕೆಯೇ ಆ ಕಾಯಿಲೆಯ ದೊಡ್ಡ ಹಿಂಸೆ. ತುಟಿ ಬಿರಿದು ರಕ್ತ ಬರುತ್ತಿತ್ತು, ಆದರೂ ಬಾಟಲಿಯನ್ನು ಗುಟುಕು ಗುಟುಕಾಗಿ ರಾತ್ರಿಯ ತನಕ ಎಳೆಯುತ್ತಿದ್ದರು. ಅಂದಿನ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡರು. ಬೆಳಿಗ್ಗೆಯಿಂದ ಮುಚ್ಚಳ ತೆಗೆದಿರಲಿಲ್ಲ.

ಹನುಮಂತಯ್ಯ ಲಿಫ್ಟಿನ ಬಾಗಿಲು ಹಿಡಿದ. "ಬೇಗ ಬನ್ರಮ್ಮ, ಸಾಹೇಬ್ರು ಬತ್ತಾರೆ."

"ಬರ್ಲಿ. ನೋಡ್ಲಿ," ಎಂದರು ನೀಲಾಂಬಿಕಾ.

ಖಾಲಿ ಹಾಲನ್ನು ದಾಟಿ ಬಾಲ್ಕನಿಗೆ ಬಂದೆವು. ಅವರು ಪೈಪು ಹಿಡಿದು ನಿಧಾನಕ್ಕೆ ಕೂತರು. ಚಿಗುರನ್ನು ಮುಟ್ಟಲಿಲ್ಲ, ಎಲೆಯ ಹಿಂಬದಿಯನ್ನು ಮಾತ್ರ ಬಗ್ಗಿ ನೋಡಿದರು. ಆಮೇಲೆ ಬಿರುಕಿಗೆ ಬೆರಳಿಟ್ಟರು. ಕಿರುಬೆರಳಲ್ಲ, ಹೆಬ್ಬೆರಳು. ಬುಡದವರೆಗೂ ಒಳಗೆ ಹೋಯಿತು.

ಮೇಘಾ, "ಅವ್ವ, ಅದು ನಿನ್ನ ಇವತ್ತಿನ ನೀರು," ಎಂದಳು. ನೀಲಾಂಬಿಕಾ ಮುಚ್ಚಳ ತಿರುಗಿಸಿ, ಬಾಟಲಿಯನ್ನು ಗೋಡೆಯ ಬಾಯಿಗೆ ಹಚ್ಚಿ, ಒಂದು ಹನಿ ಹೊರಗೆ ಬೀಳದ ಹಾಗೆ ಎಲ್ಲವನ್ನೂ ಒಳಗೆ ಸುರಿದರು. ನೀರು ನಿಂತ ಮೇಲೂ ಬಾಟಲಿಯನ್ನು ಹಾಗೇ ಕವುಚಿ ಹಿಡಿದಿದ್ದರು. ಕೊನೆಗೆ ತಳದ ಮೇಲೆ ಎರಡು ಸಲ ತಟ್ಟಿ, ಅಂಟಿಕೊಂಡಿದ್ದ ಹನಿಯನ್ನೂ ಬೀಳಿಸಿದರು.